ಕಬ್ಬಿಣದ ಸೀಮೆಯಲ್ಲಿ ನಾನ್‌ಸ್ಟಿಕ್ ಬಾಣಲೆ

ನಾನ್‌ಸ್ಟಿಕ್ ಪಾತ್ರೆ ವಿಷವೋ ಅಲ್ಲವೋ ಎಂಬ ವಾಗ್ವಾದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಎದ್ದು ಮತ್ತೆ ಮಲಗುತ್ತದೆ. ಒಂದು ಗುಂಪು ಕ್ಯಾನ್ಸರ್ ಎನ್ನುತ್ತದೆ, ಇನ್ನೊಂದು ಗುಂಪು ಅದೆಲ್ಲ ಕಟ್ಟುಕತೆ ಎನ್ನುತ್ತದೆ. ಎರಡೂ ಕಡೆಯವರು ಮಾರನೆಯ ದಿನ ಅದೇ ಬಾಣಲೆಯಲ್ಲಿ ಶೇಂಗಾ ಹುರಿಯುತ್ತಾರೆ. ಆ ಬಾಣಲೆಯಲ್ಲಿ ಏನು ಮಾಡುತ್ತೀರಿ, ಉರಿ ಎಷ್ಟಿಟ್ಟಿರುತ್ತೀರಿ ಎಂದು ಕೇಳುವವರು ಮಾತ್ರ ಇಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ಸುತ್ತಲಿನ ಮನೆಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ರವೆಯ ಉಪ್ಪಿಟ್ಟು, ಹುರಿದ ಎಳ್ಳು, ಒಣಮೆಣಸಿನಕಾಯಿ, ಗುರೆಳ್ಳು: ಇಲ್ಲಿನ ಅಡುಗೆಯ ದೊಡ್ಡ ಪಾಲು ಎಣ್ಣೆಯೂ ನೀರೂ ಇಲ್ಲದೆ ಕಾದ ಲೋಹದ ಮೇಲೆ ನಡೆಯುವ ಕೆಲಸ. ನಾನ್‌ಸ್ಟಿಕ್ ಲೇಪನ ಸಹಿಸದೆ ಇರುವುದು ಈ ಒಣ ಶಾಖವನ್ನೇ. ಹಾಗಾಗಿ ನನ್ನ ವಾದ ಇಷ್ಟು: ಹುರಿಯುವುದಕ್ಕೆಂದು ನಾನ್‌ಸ್ಟಿಕ್ ಕೊಳ್ಳುವುದು ತಪ್ಪು ಆಯ್ಕೆ. ಅದನ್ನು ಮನೆಯಿಂದ ಹೊರಗೆ ಹಾಕಬೇಕಿಲ್ಲ. ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬೇಕು.

ಮೊದಲು ಆ ಲೇಪನದ ಗುಣವನ್ನು ನೋಡೋಣ. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಶೈತ್ಯಕಾರಕ ಅನಿಲಗಳ ಪ್ರಯೋಗದಲ್ಲಿ ತೊಡಗಿದ್ದಾಗ ಸಿಲಿಂಡರಿನೊಳಗೆ ಅನಿಲದ ಬದಲು ಬಿಳಿ ಮೇಣದಂಥ ಪುಡಿ ಸಿಕ್ಕಿತು. ಅದೇ ಪಿಟಿಎಫ್‌ಇ, ನಾವು ಟೆಫ್ಲಾನ್ ಎಂದು ಕರೆಯುವ ವಸ್ತು. ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಅಂಟಿಸುವ ವಿಧಾನ ಕಂಡುಕೊಂಡ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ 1956ರಲ್ಲಿ ಟೆಫಾಲ್ ಕಂಪನಿ ಶುರುಮಾಡಿದ. ನಮ್ಮ ದೇಶದಲ್ಲಿ 1968ರಲ್ಲಿ ಔರಂಗಾಬಾದಿನ ನಿರ್ಲೇಪ್ ಕಂಪನಿ ಇದನ್ನು ಅಡುಗೆಮನೆಗೆ ತಂದಿತು. ಯಾವ ವಸ್ತುವಿಗೂ ಅಂಟಿಕೊಳ್ಳದ ಪದಾರ್ಥವನ್ನು ಲೋಹಕ್ಕೆ ಅಂಟಿಸಬೇಕಾದ ವಿಚಿತ್ರ ಕೆಲಸವಿದು. ಅದಕ್ಕಾಗಿ ಅಲ್ಯೂಮಿನಿಯಮ್ಮಿನ ಮೈಯನ್ನು ಒರಟು ಮಾಡಿ, ಕಚ್ಚಿಕೊಳ್ಳುವ ಒಂದು ಒಳಪದರ ಬಳಿದು, ಅದರ ಮೇಲೆ ಜಾರುವ ಪದರ ಹಾಕಿ ಬೇಯಿಸುತ್ತಾರೆ. ಇಷ್ಟೆಲ್ಲ ಸೇರಿದರೂ ಲೇಪನ ತಲೆಗೂದಲಿಗಿಂತ ತೆಳು. 260 ಡಿಗ್ರಿ ಸೆಲ್ಸಿಯಸ್‌ವರೆಗೆ ಅದು ಸ್ಥಿರ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. 327 ಡಿಗ್ರಿಗೆ ಕರಗುತ್ತದೆ. 350 ದಾಟಿದರೆ ವೇಗವಾಗಿ ಒಡೆದು ಹೊಗೆಯಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ. 170 ಡಿಗ್ರಿಗಿಂತ ಹೆಚ್ಚು ಕಾಯಿಸಬೇಡಿ, ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಬಿಡಬೇಡಿ ಎಂಬುದು ಅದರ ಎಚ್ಚರಿಕೆ. 170 ಸರಿಯೋ 260 ಸರಿಯೋ ಎಂದು ತಜ್ಞರು ಚರ್ಚಿಸಲಿ. ನಮ್ಮ ರೊಟ್ಟಿ ಹಂಚಿನ ಎದುರು ಈ ವ್ಯತ್ಯಾಸ ದೊಡ್ಡದಲ್ಲ.

ಯಾಕೆಂದರೆ ಪಾತ್ರೆಯಲ್ಲಿ ನೀರಿರುವವರೆಗೆ ಅದರ ಶಾಖಕ್ಕೆ ಒಂದು ಕಡಿವಾಣವಿರುತ್ತದೆ. ಪಲ್ಯ, ಸಾರು, ದೋಸೆ ಹಿಟ್ಟು ಎಲ್ಲದರಲ್ಲೂ ನೀರು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ತಳ ಎಷ್ಟೇ ಕಾದರೂ ಅಡುಗೆ ತಾಕಿದ ಜಾಗ ನೂರು ಡಿಗ್ರಿಯ ಆಸುಪಾಸಿನಿಂದ ತೀರ ಮೇಲೇರುವುದಿಲ್ಲ. ಹುರಿಯುವಾಗ ಈ ಕಡಿವಾಣ ಇರುವುದಿಲ್ಲ. ಶೇಂಗಾದಲ್ಲಿ, ರವೆಯಲ್ಲಿ ಇರುವ ತೇವ ಅತ್ಯಲ್ಪ. ಹುರಿಯುವ ಉದ್ದೇಶವೇ ಆ ತೇವವನ್ನೂ ಓಡಿಸಿ ಕಾಳು ಕೆಂಪಾಗುವ ಶಾಖಕ್ಕೆ ಏರಿಸುವುದು. ಇನ್ನು ರೊಟ್ಟಿ. ಹಂಚು ಕಾದಿದೆಯೇ ಎಂದು ನೋಡಲು ನಮ್ಮ ಹೆಂಗಸರು ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಹನಿ ಚುಂಯ್ ಎಂದು ಹರಡಿ ಒಣಗಿದರೆ ಇನ್ನೂ ಕಾದಿಲ್ಲ. ಮಣಿಯಂತೆ ದುಂಡಗಾಗಿ ಓಡಾಡಿದರೆ ಹದ ಬಂದಿದೆ. ಹನಿಯ ಕೆಳಗೆ ಆವಿಯ ಹಾಸು ಹುಟ್ಟಿ ಅದು ತೇಲುವುದು ಲೋಹ ಸುಮಾರು 200 ಡಿಗ್ರಿಯ ಹತ್ತಿರಕ್ಕೆ ಬಂದಾಗ. ಥರ್ಮಾಮೀಟರ್ ಇಲ್ಲದ ಈ ಪರೀಕ್ಷೆಯನ್ನೇ ನಂಬಿದರೂ ಸಾಕು, ಮೊದಲ ರೊಟ್ಟಿ ಹಾಕುವ ಮುನ್ನವೇ ಹಂಚು ಪೋಷಣಾ ಸಂಸ್ಥೆಯ ಮಿತಿಯನ್ನು ದಾಟಿರುತ್ತದೆ. ಒಂದು ರೊಟ್ಟಿ ತೆಗೆದು ಇನ್ನೊಂದನ್ನು ತಟ್ಟುವಷ್ಟರಲ್ಲಿ ಖಾಲಿ ಹಂಚು ಉರಿಯ ಮೇಲೆ ಇನ್ನಷ್ಟು ಏರುತ್ತದೆ. ಉದುರಿದ ಒಣಹಿಟ್ಟು ಕರಿದಾಗುತ್ತದೆ, ಅದನ್ನು ಬಟ್ಟೆಯಿಂದ ತಿಕ್ಕಿ ಒರೆಸುತ್ತಾರೆ, ಮತ್ತೆ ರೊಟ್ಟಿ ಹಾಕುತ್ತಾರೆ. ಕೂದಲಿಗಿಂತ ತೆಳುವಾದ ಲೇಪನ ಹೀಗೆ ಎಷ್ಟು ಸೋಮವಾರಗಳನ್ನು ಕಂಡೀತು? ಇದೇ ಸೀಮೆಯ ವಗ್ಗರಣಿಗೆ ಬೇಕಾದ ಮಂಡಕ್ಕಿ ತಯಾರಾಗುವ ಭಟ್ಟಿಯನ್ನು ನೋಡಿ: ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ ಅದರಲ್ಲಿ ಅಕ್ಕಿ ಅರಳಿಸುತ್ತಾರೆ. ಖಾನಾವಳಿಯವರೂ ದೋಸೆ ಹೋಟೆಲಿನವರೂ ದಪ್ಪ ಕಬ್ಬಿಣದ ಹಾಸನ್ನೇ ನೆಚ್ಚಿಕೊಂಡಿದ್ದಾರೆ. ದಿನಕ್ಕೆ ನೂರಾರು ಬಾರಿ ಕಾಯಿಸಿ ಹೊಟ್ಟೆ ಹೊರೆಯುವವರು ಮಾಡಿಕೊಂಡ ಆಯ್ಕೆ ಸಂಪ್ರದಾಯಪ್ರೀತಿಯಿಂದ ಹುಟ್ಟಿದ್ದಲ್ಲ, ಲೆಕ್ಕಾಚಾರದಿಂದ ಹುಟ್ಟಿದ್ದು.

ನಾನ್‌ಸ್ಟಿಕ್ ರೋಸ್ಟಿಂಗ್ ಪ್ಯಾನ್ ಎಂಬುದು ಮೂಲತಃ ಯಾವ ಅಡುಗೆಮನೆಯ ವಸ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಯುರೋಪು, ಅಮೆರಿಕದಲ್ಲಿ ಅದು ಓವನ್ನಿನೊಳಗೆ ಹೋಗುವ ಅಗಲ ತಟ್ಟೆ. ಕೋಳಿಯೋ ಆಲೂಗಡ್ಡೆಯೋ ತಮ್ಮದೇ ರಸ ಮತ್ತು ಕೊಬ್ಬಿನಲ್ಲಿ ಒಂದು ಗಂಟೆ ಬೇಯುತ್ತವೆ. ಓವನ್ನಿನ ಗುಂಡಿ 200 ಎಂದು ತಿರುಗಿಸಿದರೆ ಶಾಖ ಅಲ್ಲಿಗೆ ನಿಲ್ಲುತ್ತದೆ. ಪಾತ್ರೆಯ ಜತೆಗೆ ಬರುವ ಸೂಚನಾಪತ್ರ ಇಂಥ ಅಂಕಿಯುಳ್ಳ ಅಡುಗೆಮನೆಗಾಗಿ ಬರೆದದ್ದು. ನಮ್ಮ ಗ್ಯಾಸ್ ಒಲೆಯ ಗುಂಡಿಯಲ್ಲಿ ಸಣ್ಣ ಉರಿ, ದೊಡ್ಡ ಉರಿ ಎರಡೇ ಇರುವುದು, ಅಂಕಿ ಇಲ್ಲ. ಹಗುರ ಅಲ್ಯೂಮಿನಿಯಂ ಬಾಣಲೆಯನ್ನು ಖಾಲಿಯಾಗಿ ದೊಡ್ಡ ಉರಿಯ ಮೇಲಿಟ್ಟರೆ ಕೆಲವೇ ನಿಮಿಷಗಳಲ್ಲಿ 260 ಡಿಗ್ರಿ ದಾಟಬಲ್ಲದು. ಒಗ್ಗರಣೆ ಡಬ್ಬಿ ಹುಡುಕುವಷ್ಟು, ಬಾಗಿಲಿಗೆ ಬಂದವರೊಡನೆ ಎರಡು ಮಾತಾಡುವಷ್ಟು ಹೊತ್ತು ಅದು. ತಯಾರಕರು ಮಧ್ಯಮ ಉರಿ ಎಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ ಮುದ್ರಿಸಿ ಕೈ ತೊಳೆದುಕೊಳ್ಳುತ್ತಾರೆ. ಒಣದಾಗಿ ಹುರಿಯಲು ಬಳಸಬೇಡಿ ಎಂಬ ಒಂದು ಸಾಲು ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಇದ್ದಿದ್ದರೆ ಎಷ್ಟೋ ಬಾಣಲೆಗಳೂ ಎಷ್ಟೋ ದುಡ್ಡೂ ಉಳಿಯುತ್ತಿದ್ದವು.

ಈ ವಾದಕ್ಕೆ ಮೊದಲು ಬರುವ ಆಕ್ಷೇಪ ಎಣ್ಣೆಯದು. ಹೃದ್ರೋಗ, ಸಕ್ಕರೆ ಕಾಯಿಲೆ ಎಂದು ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎನ್ನುತ್ತಾರೆ, ನಾನ್‌ಸ್ಟಿಕ್ ಅದಕ್ಕೆ ನೆರವಾಗುತ್ತದೆ ಎಂಬುದು. ಮಾತು ಸುಳ್ಳಲ್ಲ, ಮೊಟ್ಟೆ, ದೋಸೆ, ಮೀನಿನ ತುಂಡು ಇವುಗಳಲ್ಲಿ ಎಣ್ಣೆ ನಿಜಕ್ಕೂ ಉಳಿಯುತ್ತದೆ. ಆದರೆ ಜೋಳದ ರೊಟ್ಟಿಗೆ ಎಣ್ಣೆ ಯಾವಾಗ ಹಾಕಿದ್ದೆವು? ಶೇಂಗಾ, ಎಳ್ಳು, ಗುರೆಳ್ಳು ಹುರಿಯಲು ಹನಿ ಎಣ್ಣೆಯೂ ಬೇಡ. ಎಣ್ಣೆಯೇ ಇಲ್ಲದ ಕೆಲಸದಲ್ಲಿ ಎಣ್ಣೆ ಉಳಿಸುವ ಪಾತ್ರೆಗೆ ಏನು ಉಳಿಸಲು ಸಾಧ್ಯ? ಇನ್ನು ಈ ಸೀಮೆಯವರ ಹೊಟ್ಟೆಗೆ ಹೋಗುವ ಎಣ್ಣೆಯ ನಿಜವಾದ ದಾರಿ ಎಲ್ಲರಿಗೂ ಗೊತ್ತು: ಬೆಳಿಗ್ಗೆ ವಗ್ಗರಣಿಯ ಪಕ್ಕದಲ್ಲಿ ಒಂದು, ಸಂಜೆ ಚಹಾದ ಪಕ್ಕದಲ್ಲಿ ಎರಡು ಮಿರ್ಚಿ. ಯಾವ ಲೇಪನವೂ ಅದನ್ನು ತಡೆಯದು.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಇಷ್ಟೆಲ್ಲ ಹೇಳಿ ಸುತ್ತಿಬಳಸುವುದೇಕೆ, ಅದು ವಿಷ ಎಂದು ನೇರವಾಗಿ ಹೇಳಬಾರದೇ ಎಂದು. ಹೇಳಬಾರದು, ಯಾಕೆಂದರೆ ಸಾಕ್ಷ್ಯ ಹಾಗಿಲ್ಲ. ಕೆದರಿದ ಲೇಪನದ ಚೂರು ಹೊಟ್ಟೆಗೆ ಹೋದರೆ ಅದು ದೇಹದಲ್ಲಿ ಜೀರ್ಣವಾಗದೆ ಹೊರಬೀಳುತ್ತದೆ. ಅಪಕೀರ್ತಿ ಬಂದಿರುವುದು ಮುಖ್ಯವಾಗಿ ಪಿಎಫ್‌ಒಎ ಎಂಬ ಬೇರೊಂದು ರಾಸಾಯನಿಕದಿಂದ. ಲೇಪನದ ವಸ್ತು ತಯಾರಿಸುವಾಗ ಅದನ್ನು ಬಳಸುತ್ತಿದ್ದರು. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ಕಾರ್ಖಾನೆಯಿಂದ ಅದು ಊರಿನ ಕುಡಿಯುವ ನೀರಿಗೆ ಸೇರಿತು. ಸುಮಾರು 3,500 ಮೊಕದ್ದಮೆಗಳ ಇತ್ಯರ್ಥಕ್ಕೆ 2017ರಲ್ಲಿ ಡುಪಾಂಟ್ ಮತ್ತು ಕೆಮೋರ್ಸ್ ಕಂಪನಿಗಳು 67 ಕೋಟಿ ಡಾಲರ್ ತೆರಲು ಒಪ್ಪಿದವು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ತೊಡೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. 2023ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಘೋಷಿಸಿತು. ಅಂದರೆ ಹೆಚ್ಚಿನ ಏಟು ಬಿದ್ದದ್ದು ಆಮ್ಲೆಟ್ ತಿಂದವರಿಗಲ್ಲ, ಕಾರ್ಖಾನೆಯ ಕೆಳಹರಿವಿನಲ್ಲಿ ನೀರು ಕುಡಿದವರಿಗೆ. ಗಣಿಯ ಕೆಂಧೂಳಿನಲ್ಲಿ ಬದುಕಿದ ಸಂಡೂರಿನವರಿಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳಸುವವರಿಗೆ ಇರುವ ನೇರ ಅಪಾಯ ಅತಿಯಾಗಿ ಕಾದಾಗ ಏಳುವ ಹೊಗೆಯದು. ಅದನ್ನು ಉಸಿರಾಡಿದವರಿಗೆ ಜ್ವರ, ನಡುಕ, ಎದೆ ಬಿಗಿತ ಬಂದು ಒಂದೆರಡು ದಿನದಲ್ಲಿ ಇಳಿಯುವುದು ದಾಖಲಾಗಿದೆ. ಪಂಜರದ ಹಕ್ಕಿಗಳು ಮಾತ್ರ ಅಷ್ಟರಲ್ಲೇ ಸಾಯುತ್ತವೆ. ಲವ್‌ಬರ್ಡ್ಸ್ ಸಾಕಿಕೊಂಡವರ ಅಡುಗೆಮನೆಯಲ್ಲಿ ಈ ಬಾಣಲೆ ಇರಲೇಬಾರದು. ಹೀಗೆ ವಿಷಯ ಎಲ್ಲಿಂದ ಹೊರಟರೂ ಮತ್ತೆ ಶಾಖಕ್ಕೇ ಬಂದು ನಿಲ್ಲುತ್ತದೆ.

ಅಂಗಡಿಯ ಡಬ್ಬಿಗಳು ಈ ವಿಷಯವನ್ನು ಮರೆಸುವಂತೆ ಬರೆದಿರುತ್ತವೆ. ಪಿಎಫ್‌ಒಎ ಮುಕ್ತ ಎಂಬ ಹಸಿರು ಮುದ್ರೆ ನೋಡಿ ನಿಟ್ಟುಸಿರು ಬಿಡುವವರಿದ್ದಾರೆ. ದೊಡ್ಡ ತಯಾರಕರು 2015ರ ಹೊತ್ತಿಗೇ ಅದನ್ನು ಕೈಬಿಟ್ಟಿದ್ದಾರೆ. ಲೇಪನ ಈಗಲೂ ಪಿಟಿಎಫ್‌ಇಯೇ, ಅದು ಮಣ್ಣಿನಲ್ಲಿ ಕೊಳೆಯದ ಅದೇ ಫ್ಲೋರಿನ್ ಕುಲದ್ದೇ, ಅದರ ಶಾಖದ ಮಿತಿಯೂ ಮೊದಲಿನದೇ. ಈ ಇಡೀ ಕುಲದ ಮೇಲೇ ಅನುಮಾನಪಟ್ಟು ಅಮೆರಿಕದ ಮಿನೆಸೋಟ ರಾಜ್ಯ 2025ರ ಜನವರಿ 1ರಿಂದ ಇಂಥ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿದೆ. ಗ್ರಾನೈಟ್ ಬಾಣಲೆ ಎಂದು ಮಾರುವುದು ಇನ್ನೊಂದು ಚಮತ್ಕಾರ. ಬಹುತೇಕ ಅದೇ ಲೇಪನಕ್ಕೆ ಚುಕ್ಕೆ ಚುಕ್ಕೆಯ ಬಣ್ಣ ಸೇರಿಸಿರುತ್ತಾರೆ. ಹಂಪಿಯ ಬಂಡೆಗಳ ನಡುವೆ ಬದುಕುವವರಿಗೆ ಇದನ್ನು ಮಾರುವ ಧೈರ್ಯವನ್ನು ಮೆಚ್ಚಬೇಕು. ನಿಜವಾದ ಕಲ್ಲಿನ ಊಟದ ಪಾತ್ರೆ ನೋಡಬೇಕಾದವರು ಕಮಲಾಪುರದ ರಸ್ತೆಯಲ್ಲಿರುವ ಭೋಜನಶಾಲೆಗೆ ಹೋಗಲಿ, ಕಲ್ಲಿನಲ್ಲಿ ಕೊರೆದ ತಟ್ಟೆಗಳು ವಿಜಯನಗರದ ಕಾಲದಿಂದಲೂ ಹಾಗೇ ಇವೆ. ಸೆರಾಮಿಕ್ ಎಂದು ಬರೆದದ್ದರಲ್ಲಿ ಫ್ಲೋರಿನ್ ಇಲ್ಲದಿರಬಹುದು, ಶಾಖವನ್ನು ಸ್ವಲ್ಪ ಹೆಚ್ಚು ತಾಳಬಹುದು, ಆದರೆ ಜಾರುವ ಗುಣ ಬೇಗ ಹೋಗುತ್ತದೆ. ಹಾರ್ಡ್ ಅನೊಡೈಸ್ಡ್ ಎಂಬುದು ಅಲ್ಯೂಮಿನಿಯಮ್ಮಿನ ಮೇಲ್ಮೈಯನ್ನೇ ಗಟ್ಟಿಗೊಳಿಸುವ ವಿಧಾನ, ಅದು ತಾನಾಗಿ ನಾನ್‌ಸ್ಟಿಕ್ ಅಲ್ಲ. ಇವುಗಳಲ್ಲಿ ಕೊಳ್ಳುವವರು ನಿಜಕ್ಕೂ ನೋಡಬೇಕಾದದ್ದು ತಳದ ದಪ್ಪ, ಹಿಡಿಯ ಬಿಗಿ, ಇಂಡಕ್ಷನ್ ಒಲೆಯಾದರೆ ಆಯಸ್ಕಾಂತ ಕಚ್ಚುವ ತಳ ಮತ್ತು ಐಎಸ್‌ಐ ಗುರುತು. ಅಲ್ಯೂಮಿನಿಯಂ, ಸ್ಟೀಲ್ ಪಾತ್ರೆಗಳಿಗೆ ಈ ಗುರುತನ್ನು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಆದೇಶ ಹೊರಡಿಸಿದೆ. ಸಂತೆಯಲ್ಲಿ ಒಂದಕ್ಕೆ ಮೂರು ಎಂದು ಕೂಗಿ ಮಾರುವ ಸೆಟ್ಟುಗಳಲ್ಲಿ ಮೊದಲು ಹುಡುಕಬೇಕಾದದ್ದು ಅದನ್ನೇ.

ಕಬ್ಬಿಣದ ಪರವಾಗಿ ಮಾತಾಡುವವರೂ ಅಳತೆ ಮೀರುತ್ತಾರೆ. ಕಬ್ಬಿಣದ ಹಂಚಿನ ರೊಟ್ಟಿ ತಿಂದರೆ ರಕ್ತಹೀನತೆ ಹೋಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕರ್ನಾಟಕದಲ್ಲಿ ರಕ್ತಹೀನತೆ ಸಣ್ಣ ಸಂಗತಿಯಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ಅದು ಇದೆ. ದೇಶದ ಉಕ್ಕಿನ ಕುಲುಮೆಗಳಿಗೆ ಸಂಡೂರಿನ ಅದಿರು ಹೋಗುವ ರಾಜ್ಯದಲ್ಲಿ ಈ ಅಂಕಿ ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣ ಇಳಿಯಬೇಕಾದರೆ ಹುಳಿ ಬೇಕು, ನೀರು ಬೇಕು, ಹೊತ್ತು ಬೇಕು. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಪ್ಪತ್ತು ಬಗೆಯ ಅಡುಗೆಯನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ ಅಳೆಯಿತು. ಸೇಬಿನ ಸಾಸಿನಲ್ಲಿ ಕಬ್ಬಿಣದ ಅಂಶ ನೂರು ಗ್ರಾಮಿಗೆ 0.35 ಮಿಲಿಗ್ರಾಮಿನಿಂದ 7.38ಕ್ಕೆ ಏರಿದರೆ, ಮೆಕ್ಕೆಜೋಳದ ಬ್ರೆಡ್ಡಿನಲ್ಲಿ 0.67ರಿಂದ 0.86ಕ್ಕೆ ಮಾತ್ರ. ನಮ್ಮ ರೊಟ್ಟಿ ಈ ಎರಡನೆಯದರ ಹತ್ತಿರದ ನೆಂಟ. 1999ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಥಿಯೋಪಿಯಾದ ಅಧ್ಯಯನದಲ್ಲಿ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳ ಹಿಮೋಗ್ಲೋಬಿನ್ ಅಲ್ಯೂಮಿನಿಯಂ ಪಾತ್ರೆಯ ಮಕ್ಕಳಿಗಿಂತ ಹೆಚ್ಚು ಏರಿತ್ತು, ನಿಜ. ಅದು ಪಾತ್ರೆಯಲ್ಲಿ ಕುದಿದ ಅಡುಗೆಯ ಫಲ. ಆದ್ದರಿಂದ ಸೊಪ್ಪಿನ ಪಲ್ಯವನ್ನೋ ಟೊಮೆಟೊ ಗೊಜ್ಜನ್ನೋ ಕಬ್ಬಿಣದ ಬಾಣಲೆಯಲ್ಲಿ ಮಾಡಿ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಸ್ವಲ್ಪ ಲಾಭವಿದೆ. ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಗೆ ಹಂಚು ಬದಲಿಯಲ್ಲ. ಥಲಸ್ಸೀಮಿಯಾದಂಥ ಕಾಯಿಲೆಯಿಂದ ಮೈಯಲ್ಲಿ ಕಬ್ಬಿಣ ಹೆಚ್ಚಿರುವವರು ಇದರಿಂದ ದೂರವೇ ಇರಬೇಕು. ಹುರಿಯಲು ಕಬ್ಬಿಣ ಬೇಕೆನ್ನುವುದು ಅದು ರಕ್ತ ಹೆಚ್ಚಿಸುತ್ತದೆ ಎಂದಲ್ಲ, ಹುರಿಯುವ ಶಾಖಕ್ಕೆ ಅದು ಏನೂ ಆಗದೆ ಉಳಿಯುತ್ತದೆ ಎಂದು.

ಕಬ್ಬಿಣದ ಮೇಲಿನ ದೂರುಗಳಲ್ಲಿ ತುಕ್ಕಿನದು ಹಳೆಯದು, ಭಾರದ್ದು ನಿಜವಾದದ್ದು. ಮಣಿಕಟ್ಟು ನೋಯುವ ಹಿರಿಯ ಹೆಂಗಸಿಗೆ ಎರಕದ ಕಬ್ಬಿಣದ ಬಾಣಲೆ ಎತ್ತಿ ತೊಳೆಯುವುದು ಶಿಕ್ಷೆ. ಅಂಥವರಿಗೆ ತಗಡನ್ನು ಬಡಿದು ಮಾಡಿದ ಹಂಚು ಸಾಕು. ಅದು ಎರಕದಷ್ಟು ಶಾಖ ಹಿಡಿದಿಡದಿದ್ದರೂ ಬೀಳಿಸಿದರೆ ಒಡೆಯದು, ಕಾಯಲು ಹೆಚ್ಚು ಹೊತ್ತು ಬೇಡ, ಗ್ಯಾಸೂ ಕಡಿಮೆ ಸಾಕು. ತುಕ್ಕಿನ ಮಾತು ಬಂದರೆ, ಪಳಗಿದ ಹಂಚಿಗೆ ತುಕ್ಕು ಹಿಡಿಯುವುದು ಅಪರೂಪ. ಪಳಗಿಸುವುದೆಂದರೆ ಎಣ್ಣೆಯನ್ನು ತೆಳುವಾಗಿ ಸವರಿ ಕಾಯಿಸಿ ಅದು ಗಟ್ಟಿಯಾಗಿ ಲೋಹವನ್ನು ಕಚ್ಚುವಂತೆ ಮಾಡುವುದು, ಮತ್ತೆ ಮತ್ತೆ. ಇದೂ ಒಂದು ಅಂಟದ ಲೇಪನವೇ. ಕೆದರಿದರೆ ಮನೆಯಲ್ಲೇ ಮತ್ತೆ ಹಚ್ಚಿಕೊಳ್ಳಬಹುದು ಎಂಬುದು ಕಾರ್ಖಾನೆಯ ಲೇಪನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ. ಹೊಸ ಹಂಚಿಗೆ ಅಂಗಡಿಯಲ್ಲಿ ತುಕ್ಕು ಬಾರದಿರಲೆಂದು ಬಳಿದ ಕಪ್ಪು ಎಣ್ಣೆಯೋ ಬಣ್ಣವೋ ಇರುತ್ತದೆ. ಬಿಸಿನೀರು, ಸೋಪು, ತಂತಿಬ್ರಷ್ಷಿನಿಂದ ತಿಕ್ಕಿ ಅದನ್ನು ಪೂರ್ತಿ ತೆಗೆದ ಮೇಲೆ ಪಳಗಿಸಬೇಕು. ಒಂದು ವಾರ ರೊಟ್ಟಿ ಅಂಟೀತು, ಬೇಸರವೂ ಆದೀತು. ನಾನ್‌ಸ್ಟಿಕ್ ಮೊದಲ ದಿನವೇ ಚೆನ್ನಾಗಿದ್ದು ದಿನದಿನಕ್ಕೆ ಕೆಡುತ್ತದೆ, ಇದು ತಿರುವುಮುರುವು.

ಹಾಗಾದರೆ ನಾನ್‌ಸ್ಟಿಕ್‌ಗೆ ಜಾಗವೇ ಇಲ್ಲವೇ? ಇದೆ, ಅದೂ ಊರಿನಿಂದ ಊರಿಗೆ ಬೇರೆ. ಕಂಪ್ಲಿ ತುಂಗಭದ್ರೆಯ ನೀರುಂಡ ಭತ್ತದ ಊರು. ಅಲ್ಲಿನ ಎಷ್ಟೋ ಮನೆಗಳಲ್ಲಿ ಬೆಳಗಿನ ತಿಂಡಿ ದೋಸೆ, ಚಿತ್ರಾನ್ನ. ದೋಸೆಗೆ ಮಧ್ಯಮ ಉರಿಯಲ್ಲಿ ನಾನ್‌ಸ್ಟಿಕ್ ತವೆ ಬಳಸಿದರೆ ತಕರಾರಿಲ್ಲ, ಒಂದು ದೋಸೆ ತೆಗೆದ ಕೂಡಲೇ ಮುಂದಿನದನ್ನು ಹೊಯ್ಯುವಷ್ಟು ಚುರುಕಿರಬೇಕು. ಹಂಪಿಯ ಕೆಫೆಗಳಲ್ಲಿ ವಿದೇಶಿ ಪ್ರವಾಸಿಗರಿಗೆ ಮಾಡುವ ಆಮ್ಲೆಟ್ಟು, ಪ್ಯಾನ್‌ಕೇಕಿಗೂ ಅದೇ ಅನುಕೂಲ. ಸಂಡೂರು ಗುಡ್ಡದ ಸುತ್ತಲಿನ ಮಳೆಯಾಶ್ರಿತ ಹೊಲಗಳ, ಜೋಳ–ಶೇಂಗಾದ ಮನೆಗೆ ಮಾತ್ರ ಅದು ಎರಡನೆಯ ಪಾತ್ರೆಯಾಗಿ ಬರಲಿ, ಮೊದಲನೆಯದಾಗಿ ಬೇಡ. ಈಗಾಗಲೇ ಕೊಂಡವರು ಒಲೆ ಹಚ್ಚುವ ಮೊದಲೇ ಎಣ್ಣೆಯನ್ನೋ ಹಿಟ್ಟನ್ನೋ ಹಾಕಲಿ, ದೊಡ್ಡ ಉರಿ ಬೇಡ. ಮರದ ಸೌಟು ಇರಲಿ. ಕಾದ ಪಾತ್ರೆಗೆ ತಣ್ಣೀರು ಹೊಯ್ಯದೆ ಆರಲು ಬಿಡಲಿ. ಒಂದರ ಮೇಲೊಂದು ಜೋಡಿಸುವಾಗ ನಡುವೆ ಬಟ್ಟೆ ಹಾಕಲಿ. ಲೇಪನ ಗುಳ್ಳೆ ಎದ್ದು ಅಲ್ಯೂಮಿನಿಯಂ ಕಾಣತೊಡಗಿದ ದಿನ ಅದರಲ್ಲಿ ಹುಣಸೆಹುಳಿ ಕುದಿಸುವುದನ್ನು ಬಿಟ್ಟು ಪಾತ್ರೆಯನ್ನೇ ಬದಲಿಸಬೇಕು. ಇಷ್ಟು ಮುತುವರ್ಜಿ ಸಾಧ್ಯವಿಲ್ಲ, ಮನೆಯಲ್ಲಿ ಅಡುಗೆ ಮಾಡುವ ಕೈ ನಾಲ್ಕಿವೆ ಎನ್ನುವವರಿಗೆ ನಾನ್‌ಸ್ಟಿಕ್ ದುಬಾರಿ ವಸ್ತು, ಎಷ್ಟೇ ರಿಯಾಯಿತಿಯಲ್ಲಿ ಸಿಕ್ಕಿದರೂ.

ದರದ ಲೆಕ್ಕದಲ್ಲೂ ಇದೇ ಕಾಣುತ್ತದೆ. ದಿನವೂ ಹುರಿಯಲು ಬಳಸುವ ನಾನ್‌ಸ್ಟಿಕ್ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ, ಕಬ್ಬಿಣದ ಹಂಚು ಅತ್ತೆಯಿಂದ ಸೊಸೆಗೆ ದಾಟುತ್ತದೆ. ಲೇಪನ ಹೋದ ಬಾಣಲೆಯನ್ನು ಮತ್ತೆ ಲೇಪಿಸಿಕೊಡುವವರು ನಮ್ಮ ಪೇಟೆಗಳಲ್ಲಿ ಸಿಗುವುದು ಕಷ್ಟ. ಸೊಟ್ಟಗಾದ ಹಂಚನ್ನು ಬಡಿದು ಸರಿಮಾಡುವ ಕಮ್ಮಾರ ಇನ್ನೂ ಸಿಗುತ್ತಾನೆ. ಹೊಸ ಸಂಸಾರಕ್ಕೆ ಉಡುಗೊರೆ ಕೊಡುವವರು ಹೊಳೆಯುವ ಮೂರು ಬಾಣಲೆಗಳ ಡಬ್ಬಿಯ ಬದಲು ಒಂದು ದಪ್ಪ ಹಂಚು, ಒಂದು ಕಬ್ಬಿಣದ ಬಾಣಲೆ ಕೊಟ್ಟರೆ ಹೆಚ್ಚು ಕಾಲ ನೆನೆಸಿಕೊಳ್ಳುತ್ತಾರೆ. ಹಬ್ಬದ ಹೊತ್ತಿಗೆ ಹಳೆ ಪಾತ್ರೆ ಕೊಟ್ಟು ಹೊಸದು ಒಯ್ಯಿರಿ ಎಂಬ ಮೇಳಗಳು ಬರುತ್ತವೆ. ಅಲ್ಲಿಗೆ ಕರಟಿದ ಕುಕ್ಕರನ್ನು ಕೊಡಿ, ಲೇಪನ ಕಿತ್ತ ತವೆಯನ್ನು ಕೊಡಿ; ನಿಮ್ಮ ಮನೆಯ ಪಳಗಿದ ಹಂಚನ್ನು ಮಾತ್ರ ಗುಜರಿ ತಕ್ಕಡಿಗೆ ಹಾಕಬೇಡಿ.